ಪೆಟ್ರೋಲ್ ಪಿಕಪ್ ಏರಿದ ಘಾಟಿ

ಡೀಸೆಲ್ ಬಿಟ್ಟು ಬೇರೆ ಪಿಕಪ್ ಕೊಳ್ಳುವುದೆಂದರೆ ಡೆಲ್ಮರ್‌ಗೆ ಜಾತಿ ಕೆಟ್ಟಷ್ಟೇ ದೊಡ್ಡ ಸಂಗತಿ. ವಯೋಮಿಂಗ್‌ನ ಆ ಕಣಿವೆಯಲ್ಲಿ ದನ ಸಾಕುವ ಗಂಡಸರೆಲ್ಲ ಹೀಗೆಯೇ. ಹೆಂಡತಿಯ ಹುಟ್ಟುಹಬ್ಬ ಮರೆತಾರು, ಎಂಜಿನ್ ಆಯಿಲ್ ಬದಲಿಸುವ ದಿನ ಮರೆಯಲಾರರು. ಆದರೆ ಹೊಸ ಪಿಕಪ್ ಓಡಿಸಬೇಕಾದವಳು ಅವನ ಹೆಂಡತಿ ಆರ್ಲಿಸ್. ಡೆಲ್ಮರ್‌ನ ಕಣ್ಣು ಮಂಜಾಗುತ್ತ ಬಂದು, ಈಗ ಎದುರಿಗೆ ನಿಂತವರ ಮುಖವೂ ಅವನಿಗೆ ಬರೀ ನೆರಳು. ಡಾಕ್ಟರು ಕೈಚೆಲ್ಲಿದ್ದರು.

ಹಳೆಯ ಡೀಸೆಲ್ ಪಿಕಪ್ ಇರುವ ತನಕ ಅವನು ಕೆಲಸದಿಂದ ಹೊರಬಿದ್ದಿರಲಿಲ್ಲ. ಹಸುಗಳ ಟ್ರೇಲರ್ ಎಳೆಯುವಾಗ ಅವಳ ಪಕ್ಕದಲ್ಲಿ ಕೂತು, ಆ ಗುಡುಗುಡು ಸದ್ದಿಗೆ ಕಿವಿಗೊಟ್ಟು, “ಗೇರ್ ಇಳಿಸು”, “ಇನ್ನೂ ತಡಿ” ಎಂದು ಹೇಳುತ್ತಿದ್ದ. ಒಂದು ದಿನವೂ ತಪ್ಪು ಹೇಳಲಿಲ್ಲ. ಈ ವಸಂತದಲ್ಲಿ ಆ ಪಿಕಪ್ಪೇ ಕೈಕೊಟ್ಟಿತು.

“ದನ ಎಳೆಯೋದು ವರ್ಷಕ್ಕೆ ನಾಕಾರು ಸಲ,” ಎಂದಳು ಆರ್ಲಿಸ್. “ಮಿಕ್ಕಿದ್ದೆಲ್ಲ ಪೇಟೆ ಓಡಾಟ. ಅಷ್ಟಕ್ಕೆ ಹೊಸ ಡೀಸೆಲ್ ತಗೊಂಡ್ರೆ ಅದರ ಹೊಗೆ ಸೋಸೋ ಡಬ್ಬಿ ಮಸಿ ಕಟ್ಕೊಂಡು ಕೂರುತ್ತೆ. ಚಳೀಲಿ ಡೀಸೆಲ್ ಗಂಜಿ ಆಗುತ್ತೆ. ಆ ಕೊರೆಯೋ ಬೆಳಿಗ್ಗೆ ಬಾನೆಟ್ ಎತ್ತೋಳು ಯಾರು? ನಾನು!”

“ಪೆಟ್ರೋಲ್ ಗಾಡಿ ಚರ್ಚಿಗೆ ಹೋಗೋಕೆ ಸರಿ ಕಣೇ. ಘಾಟಿ ಹತ್ತೋಕಲ್ಲ.”

ಮಾತಿನಲ್ಲಿ ಬಗೆಹರಿಯಲಿಲ್ಲ. ಪೇಟೆಯ ಗಾಡಿ ಅಂಗಡಿಯ ಕೀಗನ್, ಗೇರ್ ತಾನೇ ಬದಲಿಸಿಕೊಳ್ಳುವ ಒಂದು ಪೆಟ್ರೋಲ್ ಪಿಕಪ್ ಕೊಟ್ಟು, ನಿಮ್ಮ ಟ್ರೇಲರನ್ನೇ ಕಟ್ಟಿ ನೋಡಿ ಎಂದ. ಎಂಟು ಹಸು ಹತ್ತಿಸಿ ಘಾಟಿಗೆ ಹೊರಟರು. ಕೀಗನ್ ಹಿಂದಿನ ಸೀಟಿನಲ್ಲಿ ಕೂತ.

ಏರು ಶುರುವಾದದ್ದೇ ತಡ, ಎಂಜಿನ್ ಕಿರುಚತೊಡಗಿತು. ಡೆಲ್ಮರ್ ಎದುರಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಕಾಲ್ ತೆಗಿಯೇ! ಸಿಡಿದೋಗುತ್ತೆ!”

ಜೀವಮಾನವಿಡೀ ಡೀಸೆಲ್ ಕೇಳಿದ ಕಿವಿ ಆರ್ಲಿಸಳದೂ. ಡೀಸೆಲ್ ಹಾಗೆ ಕೂಗಿದರೆ ಅದರ ಕತೆ ಮುಗಿದಂತೆಯೇ. ಅವಳು ಬೆದರಿ ಆಕ್ಸಿಲರೇಟರಿನಿಂದ ಕಾಲೆತ್ತಿದಳು. ಟ್ರೇಲರಿನ ಭಾರ ಹಿಂದಕ್ಕೆ ಜಗ್ಗಿತು, ವೇಗ ಸತ್ತಿತು, ಹಿಂದಿನ ಲಾರಿಯವನು ಹಾರ್ನ್ ಬಾರಿಸಿ ಪ್ರಾಣ ತಿಂದ. ತೆವಳಿಕೊಂಡು ಮೇಲೆ ಮುಟ್ಟುವಷ್ಟರಲ್ಲಿ ಅವಳ ಬೆನ್ನು ಬೆವರಿತ್ತು.

“ಪೆಟ್ರೋಲ್ ಕಿರ್ಚೋದೇ ಹಾಗೆ ಅಮ್ಮಾ,” ಎಂದ ಕೀಗನ್. “ಕಾಲ್ ಎತ್ತಬಾರ್ದಿತ್ತು. ಅದು ಹಂಗೇ ಹತ್ತೋದು.”

ಡೆಲ್ಮರ್ ಜಗಳಕ್ಕೆ ನಿಲ್ಲುತ್ತಾನೆ ಎಂದುಕೊಂಡಿದ್ದಳು. ಅವನು ಕಿಟಕಿಯ ಕಡೆ ಮುಖ ತಿರುಗಿಸಿ, “ನಿಂಗೆ ಬೇಕಾದ್ದು ತಗೋ. ನಾನಿನ್ನು ಮನೇಲಿರ್ತೀನಿ. ಈ ಎಂಜಿನ್ ಹೇಳೋದು ನಂಗೊಂದೂ ತಿಳಿಯಲ್ಲ,” ಎಂದ.

ಆರ್ಲಿಸಳಿಗೆ ಆಗ ಹೊಳೆಯಿತು. ಇಷ್ಟು ದಿನ ಇವನು ಹಠ ಹಿಡಿದದ್ದು ಎಂಜಿನ್ನಿಗಲ್ಲ, ತನ್ನ ಪಕ್ಕದ ಈ ಸೀಟಿಗೆ. ಈಗಲೇ ಡೀಸೆಲ್ ಕೊಡು ಎಂದು ಕೀಗನ್‌ಗೆ ಹೇಳಿಬಿಡಲೇ ಅನ್ನಿಸಿತು. ಆದರೆ ಕನಿಕರಕ್ಕೆ ಕೊಂಡದ್ದೆಂದು ಗೊತ್ತಾದರೆ ಈ ಮನುಷ್ಯ ಆ ಗಾಡಿಯ ಬಾಗಿಲೂ ಮುಟ್ಟುವವನಲ್ಲ. ಅವಳು ಅಗಲವಾದ ಜಾಗ ನೋಡಿ ಟ್ರೇಲರ್ ತಿರುಗಿಸಿದಳು.

“ಎಲ್ಲಿಗೇ?”

“ಕೆಳಕ್ಕೆ. ಇನ್ನೊಂದ್ಸಲ ಹತ್ತೋಣ. ಮದ್ವೆ ಆದಾಗ ನಂಗೇನ್ ಗೊತ್ತಿತ್ತು? ನೀನೇ ಪಕ್ಕದಲ್ಲಿ ಕೂರಿಸ್ಕೊಂಡು ಬೈದು ಬೈದು ನನ್ನ ಕಿವಿ ಪಳಗಿಸ್ದೆ. ಈಗ ನೀನು ಕಲಿ.”

“ಈ ವಯಸ್ಸಲ್ಲಾ?”

“ಹೂಂ, ಬಾಯ್ಮುಚ್ಕೊಂಡು ಕೇಳು.”

ಈ ಸಲ ಅವಳು ಕಾಲನ್ನು ಒತ್ತಿಯೇ ಹಿಡಿದಳು. ಎಂಜಿನ್ ಮತ್ತೆ ಕಿರುಚಿತು. ಡೆಲ್ಮರ್ ಕಣ್ಣು ಮುಚ್ಚಿ ತಲೆ ವಾಲಿಸಿ ಕೂತಿದ್ದ. ಅರ್ಧ ಏರು ಕಳೆಯಿತು. ಇನ್ನು ಇವನು ತನ್ನ ಜೊತೆ ಗಾಡಿ ಹತ್ತುವುದಿಲ್ಲ ಎಂದುಕೊಂಡಳು.

“ಈಗ ಗೇರ್ ಇಳಿಸ್ತು,” ಎಂದ ಮೆಲ್ಲಗೆ.

“ಹೂಂ.”

“ಕಿರ್ಚ್ತಿದೆ. ಆದ್ರೆ ನೋವಿಗಲ್ಲ.” ಸದ್ದಿನ ಕಡೆ ಇನ್ನಷ್ಟು ಬಾಗಿ, “ಭಾರ ಸಲೀಸಾಗ್ತಿದೆ. ಈಗ ಮೇಲಿನ ಗೇರಿಗೆ ಹೋಗುತ್ತೆ ನೋಡು,” ಎಂದ.

ಅವನ ಮಾತು ಮುಗಿಯುವ ಮೊದಲೇ ಸದ್ದು ಒಂದು ಮೆಟ್ಟಿಲು ಇಳಿಯಿತು. ಆರ್ಲಿಸಳ ಕಣ್ಣು ತುಂಬಿ ರಸ್ತೆ ಮಸುಕಾಯಿತು. ಗೊತ್ತಿಲ್ಲದೆಯೇ ಕಾಲು ಸಡಿಲವಾಯಿತು.

“ಕಾಲ್ ಯಾಕೆ ಎತ್ತಿದೆ?” ಡೆಲ್ಮರ್ ಗದರಿದ. “ಒತ್ತೇ! ಹಿಂದೆ ಎಂಟು ಹಸು ಇವೆ!”