ತಂಗಿ ಈಗ ಕೇಳುತ್ತಿರುವ ಹಾಡು

ಮನೆಯ ಟ್ಯಾಬು ‘ಟಿಂಗ್’ ಅಂದರೆ ಸಾಕು, ಅಮ್ಮ ಒಲೆಯ ಮೇಲಿನ ಹಾಲನ್ನೂ ಮರೆತು ಓಡುತ್ತಿದ್ದಳು. ಉಕ್ಕಿದ್ದನ್ನು ಒರೆಸುವ ಕರ್ಮ ನನ್ನದು. ಆ ಟಿಂಗಿನ ಅರ್ಥ ಇಷ್ಟೇ: ತಂಗಿ ಎಲ್ಲೋ ಕೂತು ಒಂದು ಹಾಡು ಹಾಕಿದ್ದಾಳೆ.

ಹಾಡಿನ ಆ್ಯಪನ್ನು, ಜನ ಫೋಟೊ ಹಾಕಿ ಹರಟೆ ಹೊಡೆಯುವ ಆ್ಯಪಿಗೆ ಜೋಡಿಸಿಬಿಟ್ಟರೆ ನಾವು ಕೇಳುವ ಹಾಡು ನಮ್ಮವರಿಗೆಲ್ಲ ಕಾಣಿಸುತ್ತದೆ. ಜೋಡಿಸಿಕೊಟ್ಟವಳು ತಂಗಿಯೇ. “ಅಕ್ಕಾ, ನೀನು ಅಂಗಡೀಲಿರು, ನಾನು ಬಸ್ಸಲ್ಲಿರ್ತೀನಿ, ಇಬ್ರೂ ಒಂದೇ ಹಾಡು ಕೇಳ್ಬಹುದು” ಅಂದಿದ್ದಳು. ನನಗೆ ಇಂಥ ಶೋಕಿ ಯಾವತ್ತೂ ಆಗಿಬರಲಿಲ್ಲ. ನಾನು ಕಿಟಕಿ ಪರದೆ ಹೊಲಿಯುವವಳು. ಮೆಷಿನ್ನಿನ ಗದ್ದಲದಲ್ಲಿ ಹಾಡಂತೆ, ಮಣ್ಣು!

ಗಂಡನನ್ನು ಬಿಟ್ಟು ಒಂದು ಬ್ಯಾಗು ಹಿಡಿದು ಅವಳು ಬಂದ ದಿನ ಅಮ್ಮ ಬಾಗಿಲಿಗೆ ಅಡ್ಡ ನಿಂತಳಂತೆ. “ಹೊಂದ್ಕೊಂಡು ಹೋಗೋಕೆ ಬರಲ್ವಾ ನಿಂಗೆ? ಸತ್ರೂ ಈ ಮನೆಗೆ ಬರ್ಬೇಡ” ಅಂದಳಂತೆ. ನಾನು ಅಂಗಡಿಯಿಂದ ಬರುವಷ್ಟರಲ್ಲಿ ತಂಗಿ ಹೋಗಿಯಾಗಿತ್ತು. ಗಂಡನ ಮನೆಗೂ ಹೋಗಲಿಲ್ಲ. ಫೋನ್ ಬಂದ್. ಪೊಲೀಸರು, “ಚಿಕ್ಕ ಮಗುವೇನಮ್ಮ? ಅವಳಿಷ್ಟ” ಅಂದು ಕಳಿಸಿದರು. ಆಮೇಲೆ ಅಮ್ಮ ಅತ್ತಿದ್ದೇ ಅತ್ತಿದ್ದು. ಬೈಯುವಾಗ ಎಲ್ಲಿ ಹೋಗಿತ್ತೋ ಬುದ್ಧಿ!

ತಿಂಗಳುಗಟ್ಟಲೆ ಸುದ್ದಿಯಿಲ್ಲ. ಸತ್ತೇ ಹೋದಳು ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಟ್ಯಾಬು ಟಿಂಗ್ ಅಂತು. ಅವಳ ಹೆಸರು, ಪಕ್ಕದಲ್ಲಿ ಅವಳ ನಗುಮುಖ, ಕೆಳಗೆ ‘ಈಗ ಕೇಳುತ್ತಿರುವ ಹಾಡು’. ಅಮ್ಮ ಆ ಟ್ಯಾಬನ್ನು ಎದೆಗೆ ಅವುಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ನಾನೂ ಕೂತೆ. ಅವತ್ತು ಅಂಗಡಿಗೆ ಹೋಗಲಿಲ್ಲ.

ಅಲ್ಲಿಂದ ನಮ್ಮ ಬದುಕು ಹಾಡಿನ ಲೆಕ್ಕದಲ್ಲಿ ನಡೆಯಿತು. ತಂಗಿ ಕೇಳಿದ್ದನ್ನೆಲ್ಲ ಅಮ್ಮನೂ ಕೇಳಲೇಬೇಕು. “ಥೂ, ಇದೆಂಥಾ ಹಾಡೇ, ಡಬ್ಬ ಬಡಿದ ಹಾಗೆ” ಅನ್ನುತ್ತಲೇ ಕೊನೆಯವರೆಗೂ ಕೇಳುತ್ತಿದ್ದಳು. ಬೆಳಿಗ್ಗೆ ಮೆಲ್ಲಗಿನ ಹಾಡು ಬಂದರೆ “ಪಾಪ, ಬೇಜಾರಲ್ಲಿದಾಳೆ.” ಸಂಜೆ ಕುಣಿಯುವ ಹಾಡು ಬಂದರೆ “ನೋಡು, ಗೆಳತಿಯರು ಸಿಕ್ಕಿದಾರೆ.” ಯಾವ ಜ್ಯೋತಿಷಿಯೂ ಅಷ್ಟು ಖಡಾಖಂಡಿತವಾಗಿ ಹೇಳಲಾರ.

ನಾನು ಹರಟೆಯ ಆ್ಯಪಿನಲ್ಲಿ ಎಷ್ಟೋ ಸಲ ಅವಳಿಗೆ ಬರೆದೆ. ಎಲ್ಲಿದೀಯೇ, ಒಂದು ಮಾತಾಡೇ ಅಂತ ಗೋಗರೆದೆ. ಕತ್ತೆ, ಉತ್ತರ ಕೊಡೇ ಅಂತ ಬೈದೆ. ಉತ್ತರವಿಲ್ಲ. ಆಗ ಅಮ್ಮನೇ, “ಬರೀಬೇಡ. ಹಾಡು ಕಳ್ಸು” ಅಂದಳು. ನಮ್ಮಿಬ್ಬರನ್ನೂ ಮಲಗಿಸುವಾಗ ಅವಳು ಗುನುಗುತ್ತಿದ್ದ ಹಳೆಯ ಹಾಡೊಂದಿತ್ತು. ಹುಡುಕಿ ಹಾಡಿನ ಆ್ಯಪಿನಲ್ಲೇ ಕಳಿಸಿದೆ. ಸ್ವಲ್ಪ ಹೊತ್ತಿಗೆಲ್ಲ ಅದರ ಕೆಳಗೆ ಕೆಂಪು ಹೃದಯವೊಂದು ಮೂಡಿತು.

“ಹಂಗಂದ್ರೆ ಏನೇ?” ಅಮ್ಮ ಕೇಳಿದಳು.

“ಇಷ್ಟ ಆಯ್ತು ಅಂತ.”

“ಕ್ಷಮಿಸಿದ್ಲು ಕಣೇ. ನನ್ನ ಮಗು ನನ್ನ ಕ್ಷಮಿಸಿಬಿಡ್ತು.” ಮುಖಕ್ಕೆ ಸೆರಗು ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ. “ಹೋಗಿ ಕರ್ಕೊಂಡು ಬಾರೇ. ಅಮ್ಮ ತಪ್ಪಾಯ್ತು ಅಂದ್ಲು ಅಂತ ಹೇಳು.”

ಎಲ್ಲಿಗೆ ಅಂತ ಹೋಗಲಿ? ಆದರೆ ಪ್ರತಿ ಹಾಡಿನ ಕೆಳಗೂ, ಅದು ಯಾವ ಸ್ಪೀಕರಿನಲ್ಲಿ ಬರುತ್ತಿದೆ ಅಂತ ತೋರಿಸುವ ಕಡೆ, ಸಣ್ಣ ಅಕ್ಷರದಲ್ಲಿ ‘ನ್ಯೂ ಲುಕ್ ಸ್ಪೀಕರ್’ ಅಂತಿರುತ್ತಿತ್ತು. ತಂಗಿ ಮದುವೆಗೆ ಮುಂಚೆ ಬ್ಯೂಟಿ ಪಾರ್ಲರ್ ಕೆಲಸ ಕಲಿತಿದ್ದಳು. ಸರಿ, ಪಾರ್ಲರಿನಲ್ಲೇ ಸೇರಿಕೊಂಡಿದ್ದಾಳೆ ಅಂದುಕೊಂಡು, ಮಾಲೀಕನ ಗೊಣಗಾಟ ಕಿವಿಗೆ ಹಾಕಿಕೊಳ್ಳದೆ ರಜೆ ಹಾಕಿ ಹೊರಟೆ. ಊರಿನಲ್ಲಿ ಎಷ್ಟು ‘ನ್ಯೂ ಲುಕ್’ಗಳಿವೆ ಅಂತೀರಿ! ಒಂದರಲ್ಲಿ ಕನ್ನಡಕ ಮಾರುತ್ತಿದ್ದರು. ಇನ್ನೊಂದರಲ್ಲಿ ಹುಬ್ಬು ತೀಡುತ್ತಿದ್ದ ಹುಡುಗಿ ತಂಗಿಯ ಫೋಟೊ ನೋಡಿ ತಲೆಯಾಡಿಸಿದಳು. ಕಾಲು ಬಿದ್ದುಹೋಗುವ ಹೊತ್ತಿಗೆ ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಹಾಡೊಂದು ಕೇಳಿಸಿತು. ಫೋನ್ ತೆಗೆದು ನೋಡಿದೆ. ತಂಗಿ ಈಗ ಕೇಳುತ್ತಿರುವ ಹಾಡು ಅದೇ! ಓಡಿದೆ.

ಅದು ‘ನ್ಯೂ ಲುಕ್’ ಅನ್ನುವ ಗಂಡಸರ ಸಲೂನು. ಒಬ್ಬ ಗಿರಾಕಿ ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಕೂತಿದ್ದ. ಕನ್ನಡಿಯ ಕೆಳಗೆ ಸ್ಪೀಕರು, ಅದರ ಪಕ್ಕದಲ್ಲಿ ಮೂಲೆ ಒಡೆದ ತಂಗಿಯ ಫೋನು.

“ಎಲ್ಲಿ ಅವಳು?” ಕೂಗಿದ ರಭಸಕ್ಕೆ ಸಲೂನಿನವನ ಕತ್ತಿ ಗಾಳಿಯಲ್ಲೇ ನಿಂತಿತು.

“ಯಾರಕ್ಕಾ?”

ಫೋಟೊ ತೋರಿಸಿದೆ. ಅವನು ಪಾಪದವನು, ಕೈ ಒರೆಸಿಕೊಂಡು ನಿಧಾನವಾಗಿ ನೋಡಿದ. “ಗೊತ್ತಿಲ್ಲಕ್ಕಾ. ಫೋನು ಸೆಕೆಂಡ್ ಹ್ಯಾಂಡು. ಅಂಗಡಿಯವನೇ ಲಾಕ್ ತೆಗೆಸಿ ಕೊಟ್ಟ. ಅವನಿಗೆ ಮೂಟೆಗಟ್ಟಲೆ ಬರುತ್ತೆ, ಯಾರು ಮಾರಿದ್ರೋ, ಎಲ್ಲಿ ಬಿದ್ದು ಸಿಕ್ತೋ. ಹಾಡಿನ ಆ್ಯಪು ಆಗ್ಲೇ ಇತ್ತು, ಯಾಕೆ ತೆಗೀಲಿ ಅಂತ ಬಿಟ್ಟೆ. ಗಿರಾಕಿಗಳು ಕೇಳಿದ್ದು ಹಾಕ್ತೀನಿ.”

“ನಾನು ಬರ್ದಿದ್ದು?”

“ಆ ಹರಟೆ ಹೊಡೆಯೋ ಆ್ಯಪನ್ನ ನಾನು ತೆರೆದು ನೋಡೇ ಇಲ್ಲ.”

“ಹಾಡು ಕಳಿಸಿದ್ದಕ್ಕೆ ಹೃದಯ ಒತ್ತಿದ್ದು?”

“ಓ, ಅದಾ? ಒತ್ತದಿದ್ರೆ ಅದು ಪರದೆ ಮೇಲಿಂದ ಹೋಗಲ್ಲಕ್ಕಾ. ಕೈಗೆ ನೊರೆ ಇರುತ್ತಲ್ಲ, ಬೆರಳು ಎಲ್ಲಿ ತಾಗುತ್ತೋ ಅಲ್ಲಿ ಒತ್ತಿಬಿಡ್ತೀನಿ.”

ನನ್ನ ಮುಖ ಹೇಗಾಗಿತ್ತೋ ಏನೋ, ಅವನು ಗಾಬರಿಯಾದ. “ತಪ್ಪಾಯ್ತಕ್ಕಾ, ಬೇರೆಯವರ ಹೆಸರು ನಂಗ್ಯಾಕೆ?” ಅಂದವನೇ ಫೋನೆತ್ತಿ ತಂಗಿಯ ಖಾತೆಯಿಂದ ಹೊರಬರುವ ಗುಂಡಿ ಒತ್ತಿದ. “ಅಯ್ಯೋ ಬೇಡ!” ಅಂದೆ. ಹಾಡು ನಿಂತಿತು. ನೊರೆಯ ಗಿರಾಕಿ “ಯಾಕಪ್ಪಾ ನಿಲ್ಸಿದೆ?” ಅಂದ. ಮತ್ತೆ ಒಳಗೆ ಹೋಗಲು ಅದು ಪಾಸ್‌ವರ್ಡ್ ಕೇಳಿತು. ಗೊತ್ತಿದ್ದವಳು ತಂಗಿ ಒಬ್ಬಳೇ.

ಸೆಕೆಂಡ್ ಹ್ಯಾಂಡ್ ಅಂಗಡಿಯವನನ್ನೂ ಹಿಡಿದು ಜಾಡಿಸಿದೆ. ಅವನು ಸುಮ್ಮನೆ ಮೂಟೆ ತೋರಿಸಿದ. ಒಡೆದ ಫೋನುಗಳ ರಾಶಿ. ಅದರ ಮುಂದೆ ನಿಂತು ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ.

ಮನೆಯಲ್ಲಿ ಅಮ್ಮ ಮಂಚಕ್ಕೆ ಒಗೆದ ಚಾದರ ಹಾಸಿದ್ದಳು. ನನ್ನ ಬೆನ್ನ ಹಿಂದೆ ಇಣುಕಿದಳು. ಯಾರೂ ಇರಲಿಲ್ಲ.

“ಆಗ್ಲಿಂದ ಒಂದೂ ಟಿಂಗ್ ಇಲ್ಲ ಕಣೇ. ಸಿಕ್ಕಿದ್ಲಾ?”

ನಿಜ ಹೇಳಿದರೆ ಆ ಹೃದಯದ ಕಥೆಯನ್ನೂ ಹೇಳಬೇಕು. ಯಾರೂ ನಿನ್ನ ಕ್ಷಮಿಸಿಲ್ಲಮ್ಮ, ಅದು ಸಲೂನಿನವನ ಹೆಬ್ಬೆರಳು ಅಂತ ಯಾವ ಬಾಯಲ್ಲಿ ಹೇಳಲಿ?

“ಸಿಕ್ಕಿದ್ಲು.”

“ಮತ್ತೆ? ಬರೋಳು ಯಾಕೆ ಬರ್ಲಿಲ್ಲ? ಹಾಡು ಯಾಕೆ ನಿಲ್ಸಿದ್ಲು?” ನನ್ನ ಮುಖವನ್ನೇ ನೋಡುತ್ತಿದ್ದವಳ ದನಿ ಬದಲಾಯಿತು. “ಏನಂದೆ ಅವಳಿಗೆ? ಹೇಳು, ಏನಂದೆ?”

ಸುಳ್ಳಿಗೆ ದಾರಿಯನ್ನು ಅಮ್ಮನೇ ತೆರೆದುಕೊಟ್ಟಳು.

“ಬೈದೆ. ಇಷ್ಟು ದಿನ ಸತಾಯಿಸಿದ್ದಕ್ಕೆ ಚೆನ್ನಾಗಿ ಬೈದೆ. ಎದ್ದು ಹೋದ್ಲು.”

ಅಮ್ಮ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಮಂಚದ ಅಂಚಿಗೆ ಕೂತು, “ನಾನು ಕಳ್ಸಿದ ಹಾಡು?” ಅಂದಳು.

“ಕೇಳಿ ಅತ್ಲಂತೆ.”

ತಲೆಯಾಡಿಸಿದಳು. ಚಾದರವನ್ನು ಎರಡೂ ಕೈಯಿಂದ ಸವರಿದಳು. ತಂಗಿ ಬದುಕಿದ್ದಾಳೋ ಇಲ್ಲವೋ ಅನ್ನುವ ಭಯ ಮತ್ತೆ ಶುರುವಾಗಿತ್ತು. ಅದನ್ನು ಹಂಚಿಕೊಳ್ಳಲು ಇನ್ನು ಯಾರೂ ಇಲ್ಲ ಅಂತ ಆಗಲೇ ನನಗೆ ಹೊಳೆದದ್ದು.

“ಅವಳು ನನ್ನ ಕ್ಷಮಿಸಿದ್ಲು,” ಅಮ್ಮ ನನ್ನತ್ತ ನೋಡದೆ ಹೇಳಿದಳು. “ನಾನು ನಿನ್ನ ಕ್ಷಮಿಸಲ್ಲ.”

“ಸರಿ ಅಮ್ಮಾ” ಅಂದೆ.