ಓಣಿಯ ಪಾಲು

ಅಣ್ಣನಿಗೆ ಕಾರಿನ ಶೋರೂಮಿನಲ್ಲಿ ಮಾರಾಟದ ಕೆಲಸ, ತಮ್ಮನಿಗೆ ಬಂದರಿನಲ್ಲಿ ಸರಕು ಬಿಡಿಸುವ ಕೆಲಸ. ಮನೆಗಳು ಅಕ್ಕಪಕ್ಕ, ಸಂಬಂಧ ಮಾತ್ರ ಎಣ್ಣೆ ಸೀಗೆಕಾಯಿ. ಎರಡೂ ಅಂಗಳಕ್ಕೆ ಹೋಗಲು ಇದ್ದ ಒಂದೇ ಓಣಿಯಲ್ಲಿ ಯಾರ ಕಾರು ಮೊದಲು ಎಂಬ ಜಗಳ ಹತ್ತಿದಾಗ, "ನನ್ನ ಪಾಲು ನನಗೆ ಬಿಸಾಕು" ಎಂದು ಅಣ್ಣನೇ ಮೇಸ್ತ್ರಿಯನ್ನು ಕರೆಸಿ ಓಣಿಯ ನಟ್ಟನಡುವೆ ಗೋಡೆ ಎಬ್ಬಿಸಿದ. ಗಾರೆ ಒಣಗಿದ ಮೇಲೆ ನೋಡಿದರೆ ಯಾರ ಪಾಲಿನಲ್ಲೂ ಕಾರು ಹಿಡಿಸಲಿಲ್ಲ. ತಮ್ಮನ ಕಾರೂ ಬೀದಿಗೆ ಬಿತ್ತಲ್ಲ ಎಂದು ಅಣ್ಣ ಒಳಗೊಳಗೇ ಹಿಗ್ಗಿದ.

ಆ ಹಿಗ್ಗಿಗೆ ತಣ್ಣೀರೆರಚುವಂತೆ ತಮ್ಮ ಒಂದು ಸಂಜೆ ಬೆಂಕಿಪೊಟ್ಟಣದಂಥ ಹಳೆಯ ಜಪಾನಿ ಕಾರನ್ನು ಹಡಗಿನಿಂದ ಇಳಿಸಿಕೊಂಡು ಬಂದ. ಕನ್ನಡಿ ಮಡಚಿ, ತನ್ನ ಪಾಲಿನ ಓಣಿಯಲ್ಲಿ ಸಲೀಸಾಗಿ ನುಗ್ಗಿಸಿ, ಅಂಗಳದಲ್ಲಿ ನಿಲ್ಲಿಸಿ, ಬೇಕೆಂದೇ ಹಾರ್ನ್ ಹೊಡೆದ.

ಬೀದಿಯಲ್ಲಿ ತನ್ನ ಕಾರಿಗೆ ಹೊದಿಕೆ ಹಾಕುತ್ತಿದ್ದ ಅಣ್ಣನಿಗೆ ಮೈಯೆಲ್ಲ ಉರಿದುಹೋಯಿತು.

"ನಿಮ್ಮ ಶೋರೂಮಲ್ಲೂ ಜಪಾನಿನವರದ್ದೇ ಕಾರಲ್ವಾ? ಇಂಥದ್ದು ಯಾಕಿಲ್ಲ?" ಎಂದಳು ಅವನ ಹೆಂಡತಿ, ಹೊದಿಕೆಯ ಇನ್ನೊಂದು ತುದಿ ಹಿಡಿದು.

"ತಲೆ ತಿನ್ನಬೇಡ. ಅದು ಅವರ ದೇಶಕ್ಕೇ ಅಂತ ಮಾಡೋ ಕಾರು. ಅಲ್ಲಿ ಇಷ್ಟೇ ಉದ್ದ, ಇಷ್ಟೇ ಅಗಲ, ಇಷ್ಟೇ ಇಂಜಿನ್ ಅಂತ ಅಳತೆ ಇದೆ. ಅದರೊಳಗಿದ್ರೆ ತೆರಿಗೆ ಕಡಿಮೆ. ನಮ್ಮಲ್ಲಿ ಆ ರಿಯಾಯಿತಿ ಎಲ್ಲಿದೆ? ಇಲ್ಲಿ ತಂದಿಟ್ರೆ ಆ ಡಬ್ಬೀನ ಯಾವ ಮುಠ್ಠಾಳ ತಗೋತಾನೆ?"

ಹೆಂಡತಿ ಹೊದಿಕೆಯ ತುದಿಯನ್ನು ಕೈಬಿಟ್ಟಳು.

"ಓಣಿ ಮಧ್ಯೆ ಗೋಡೆ ಎಬ್ಬಿಸಿದೋರು ತಗೋಬೇಕು, ಇನ್ಯಾರು?"