ನೀರಿನ ಹೊತ್ತು

ಹೊಳೆಯ ಈಚೆ ದಡದಲ್ಲಿ, ನೈಜೀರಿಯಾದಿಂದ ಬೇರೆಯಾಗಲು ಹೊರಟ ಬಯಾಫ್ರಾದ ಹತ್ತೊಂಬತ್ತು ಸಿಪಾಯಿಗಳು. ಆಚೆ ದಡದಲ್ಲಿ ನೈಜೀರಿಯಾದ ಫೆಡರಲ್ ಸೈನ್ಯದ ಒಂದು ತುಕಡಿ. ನಡುವೆ ಸೊಂಟದ ಮಟ್ಟದ ನೀರು. ಯುದ್ಧ ಶುರುವಾಗಿ ಇದು ಮೂರನೆಯ ಮಳೆಗಾಲ.

ಬೆಳಿಗ್ಗೆ ಮಂಜು ಕರಗಿದ ಮೇಲೆ ಆಚೆಯ ಸಾರ್ಜೆಂಟ್ ಒಚೆಫು ಡಬ್ಬ ಹಿಡಿದು ಹೊಳೆಗೆ ಇಳಿದನೆಂದರೆ ಅದು ನೀರಿನ ಹೊತ್ತು. ಅವನು ಡಬ್ಬ ಎತ್ತಿಕೊಂಡು ಮೇಲೆ ಹೋಗುವವರೆಗೆ ಯಾರೂ ಗುಂಡು ಹಾರಿಸುತ್ತಿರಲಿಲ್ಲ. ಹೀಗೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಎಂಟು ವಾರಗಳಿಂದ ನಡೆದುಕೊಂಡು ಬಂದಿತ್ತು, ಅಷ್ಟೆ.

ಈಚೆಯ ಸಾರ್ಜೆಂಟ್ ಉಜೊಂಡು ಯುದ್ಧಕ್ಕೆ ಮೊದಲು ಬಡಗಿಯಾಗಿದ್ದ. ಈಗ ಅವನಿಗಿದ್ದ ಆಸೆ ಒಂದೇ. ತನ್ನ ಜನ ಜೀವಸಹಿತ ಮನೆ ಮುಟ್ಟಬೇಕು. ಒಬ್ಬೊಬ್ಬರ ಬಳಿ ಐದೈದು ಗುಂಡು ಇದ್ದವು. ಗುಂಡಿನಿಂದ ಆಗುವ ಕೆಲಸ ಅದಲ್ಲ, ಆಗುವುದಾದರೆ ಹೊಳೆಯ ಈ ಒಪ್ಪಂದದಿಂದಲೇ ಆಗಬೇಕು ಎಂದು ಅವನಿಗೆ ಗೊತ್ತಿತ್ತು.

ಒಚೆಫು ಎನುಗುವಿನ ರೈಲ್ವೆ ಕ್ಯಾಂಟೀನಿನಲ್ಲಿ ಒಂಬತ್ತು ವರ್ಷ ಅಡುಗೆ ಮಾಡಿದವನು. ಈಚೆಯವರ ಇಗ್ಬೊ ಮಾತು ಸಲೀಸಾಗಿ ಬರುತ್ತಿತ್ತು. ಮೊದಲ ದಿನ ಹೊಳೆಯ ನಡುವೆ ನಿಂತು ಅವರಿಬ್ಬರೂ ಜಗಳವಾಡಿದ್ದು ಕೋಲಾ ಕಾಯಿಗಾಗಿ. ನೆಂಟ ಬಂದಾಗ ಮೊದಲು ಆ ಕಾಯಿ ಮುಂದಿಡುವುದು ಮನೆಯ ಯಜಮಾನನ ಹಕ್ಕು.

"ನೆಲ ನಮ್ದು, ನೀನು ನೆಂಟ. ನಾನೇ ಕೊಡ್ಬೇಕು," ಎಂದಿದ್ದ ಉಜೊಂಡು.

"ಕಾಯಿ ಕೊಟ್ಟ ಮೇಲೆ ಊಟಾನೂ ಹಾಕ್ಬೇಕು. ಹಾಕ್ತೀಯಾ?"

ಉಜೊಂಡು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಬೇಡ ಮಾರಾಯ, ನೀನೇ ಯಜಮಾನ ಆಗು."

ಆಮೇಲೆ ಆಚೆಯಿಂದ ಉಪ್ಪು ಬಂತು, ಈಚೆಯಿಂದ ತಾಳೆಯ ಹೆಂಡ ಹೋಯಿತು.

ಒಂದು ಬೆಳಿಗ್ಗೆ ಒಚೆಫು ಉಪ್ಪಿನ ಪೊಟ್ಟಣ ಕೊಟ್ಟ ಮೇಲೂ ನಿಂತೇ ಇದ್ದ.

"ಕರ್ನಲ್‌ಗೆ ಅನುಮಾನ ಬಂದಿದೆ. ಎಂಟು ವಾರದಿಂದ ಒಬ್ಬನೂ ಸತ್ತಿಲ್ಲ, ಅಲ್ಲೇನು ಮೀನು ಹಿಡೀತಿದ್ದೀರಾ ಅಂತಾನೆ. ಭಾನುವಾರದೊಳಗೆ ಒಬ್ಬ ಕೈದಿ ಬೇಕಂತೆ. ಇಲ್ಲಾಂದ್ರೆ ನಮ್ಮನ್ನ ಎತ್ತಿ ಬೇರೆಯವರನ್ನ ಹಾಕ್ತಾನೆ. ಅವರಿಗೆ ನೀರಿನ ಹೊತ್ತು ಗೊತ್ತಿಲ್ಲ."

"ಕೈದೀನ ಹೊಡೀತಾರಾ?"

"ಇಲ್ಲ. ಅನ್ನ ಹಾಕ್ತಾರೆ. ನಾನೇ ಬೇಯಿಸ್ತೀನಿ."

ಉಜೊಂಡು ಆರಿಸಿದ್ದು ಎಜಿಕೆಯನ್ನು. ಹಸಿವಿನಿಂದ ಅವನ ಕಾಲು ಊದಿಕೊಂಡಿದ್ದವು. ಬೆರಳಿಟ್ಟು ಒತ್ತಿದರೆ ಬಿದ್ದ ಗುಳಿ ಹಾಗೇ ಉಳಿಯುತ್ತಿತ್ತು.

"ನನ್ನನ್ನ ಮಾರ್ತಿದ್ದೀಯಾ ಅಣ್ಣಾ?"

"ಇಲ್ಲಿದ್ರೆ ಇನ್ನು ಹದಿನೈದು ದಿನ. ಅಲ್ಲಿ ಬದುಕ್ತೀಯ."

"ನನ್ನ ಹೆಂಡ್ತಿಗೆ ಏನು ಹೇಳ್ತಾರೆ? ಓಡಿಹೋದ ಅಂತಾರೆ. ಸತ್ತವನ ಹೆಂಡ್ತಿ ಬಂದ್ರೆ ಜನ ಎದ್ದು ಜಾಗ ಕೊಡ್ತಾರೆ. ಓಡಿಹೋದವನ ಹೆಂಡ್ತಿಗೆ ಯಾರು ಕೊಡ್ತಾರೆ?"

"ಹಿಡ್ಕೊಂಡು ಹೋದ್ರು ಅಂತ ನಾನೇ ಹೋಗಿ ಹೇಳ್ತೀನಿ."

"ನಿನ್ನ ಬಾಯಿಂದಲೇ?"

"ನನ್ನ ಬಾಯಿಂದಲೇ."

ಭಾನುವಾರ ಬೆಳಿಗ್ಗೆ ಆಚೆಯವರು, ಕಾದಾಟ ನಡೆದಂತೆ ಕಾಣಲೆಂದು, ಆಕಾಶಕ್ಕೆ ಗುಂಡು ಹಾರಿಸಿ ಗದ್ದಲವೆಬ್ಬಿಸಿದರು. ಎಜಿಕೆ ನೀರಿಗಿಳಿದ. ನಡುವೆ ಒಮ್ಮೆ ಜಾರಿದಾಗ ಒಚೆಫು ತೋಳು ಕೊಟ್ಟ. ಕೈದಿಯೂ ಅವನನ್ನು ಹಿಡಿದವನೂ ಒಬ್ಬರಿಗೊಬ್ಬರು ಆತುಕೊಂಡು ದಡ ಹತ್ತಿದರು.

ಮೂರು ಬೆಳಗು ಏನೂ ಆಗಲಿಲ್ಲ. ಉಜೊಂಡು ಚೆನ್ನಾಗಿ ನಿದ್ದೆ ಮಾಡಿದ.

ನಾಲ್ಕನೆಯ ಬೆಳಿಗ್ಗೆ ಒಚೆಫು ಡಬ್ಬವನ್ನು ನೀರಿನಲ್ಲಿ ಮುಳುಗಿಸಿ, ತಲೆ ಎತ್ತದೆ ಹೇಳಿದ.

"ಅವನ ಮೇಲೆ ಸಿಟ್ಟಾಗ್ಬೇಡ."

"ಯಾರ ಮೇಲೆ?"

"ಎಜಿಕೆ ಮೇಲೆ. ಯಾರೂ ಹೊಡೀಲಿಲ್ಲ. ತಟ್ಟೆ ತುಂಬ ಅನ್ನ, ಆಡಿನ ಸಾರು. ತಿಂತಾ ತಿಂತಾ ಎಲ್ಲಾ ಹೇಳ್ದ. ಎಷ್ಟು ಜನ, ಎಷ್ಟು ಗುಂಡು. ಕೇಳದೆ ಇದ್ದದ್ದನ್ನೂ ಹೇಳ್ದ."

ಉಜೊಂಡುವಿಗೆ ಸಿಟ್ಟು ಬರಲಿಲ್ಲ. ಎಲ್ಲರಿಗಿಂತ ಹಸಿದವನನ್ನು ಹುಡುಕಿ ಕಳಿಸಿದ್ದು ತಾನೇ.

"ಯಾವಾಗ ಬರ್ತೀರಿ?"

"ನಾನು ಡಬ್ಬ ಎತ್ತಿದ ಮೇಲೆ. ಲಾರಿಗಳಲ್ಲಿ ಹೊಸ ತುಕಡಿ ಬಂದಿದೆ. ನೀರು ಕುಡಿದು ಹೊರಡ್ತಾರೆ."

"ಡಬ್ಬ ತುಂಬೋಕೆ ಎಷ್ಟು ಹೊತ್ತು ಬೇಕು?"

"ಇವತ್ತು ತೂತು ಬಿದ್ದಿದೆ ಅಂತ ತಿಳ್ಕೋ."

ಉಜೊಂಡು ದಡಕ್ಕೆ ಬಂದು, ಆಚೆಯವರಿಗೆ ಕಾಣುವ ಕಲ್ಲಿನ ಮೇಲೆ ಎಂದಿನಂತೆ ಕುಳಿತ. ಹಿಂದಿನ ಪೊದೆಯಲ್ಲಿದ್ದ ಕಾರ್ಪೋರಲ್ ನ್ವಾಫೋರ್‌ಗೆ ತಿರುಗಿ ನೋಡದೆಯೇ ಹೇಳಿದ. "ಎಲ್ಲರನ್ನೂ ಒಬ್ಬೊಬ್ಬರಾಗಿ ಕಾಡಿನ ಕಡೆ ಕಳಿಸು. ಈಗಲೇ. ಯಾರೂ ಓಡ್ಬಾರ್ದು."

"ಆರ್ಡರ್ ಇಲ್ದೆ ಜಾಗ ಬಿಟ್ರೆ ನಮ್ಮವರೇ ನಿನ್ನನ್ನ ಗೋಡೆಗೆ ನಿಲ್ಲಿಸಿ ಗುಂಡು ಹೊಡೀತಾರೆ."

"ಒಬ್ಬನನ್ನ ತಾನೇ? ಹೋಗು."

ಪೊದೆ ಅಲುಗಿತು. ನಿಂತಿತು. ಮತ್ತೆ ಅಲುಗಿತು. ಆಚೆ ಮೇಲಿನಿಂದ ಯಾರೋ ಒಚೆಫುವನ್ನು ಕೂಗಿ ಗದರಿದರು. ಅವನೂ ಕೂಗಿ ಏನೋ ಉತ್ತರ ಕೊಟ್ಟ. ಮೇಲಿದ್ದವರು ನಕ್ಕರು.

"ನಾನು ಅವನನ್ನ ಕೊಡದೆ ಇದ್ದಿದ್ರೆ?" ಎಂದ ಉಜೊಂಡು.

"ಭಾನುವಾರವೇ ಬರ್ತಿದ್ರು."

"ಅಂದ್ರೆ ನಾಲ್ಕು ದಿನ ಸಿಕ್ತು."

"ಹೂಂ. ನಾಲ್ಕು ದಿನ ಸಿಕ್ತು."

ಹಿಂದಿನ ಪೊದೆಯ ಸದ್ದು ಕೊನೆಗೂ ನಿಂತುಹೋಯಿತು. ಡಬ್ಬ ಯಾವಾಗಲೋ ತುಂಬಿತ್ತು. ಒಚೆಫು ಅದನ್ನು ನೀರಿನೊಳಗೇ ಒತ್ತಿ ಹಿಡಿದಿದ್ದ.

"ಎಲ್ಲರೂ ಹೋದ್ರಾ?"

"ಹೋದ್ರು."

"ಹಾಗಾದ್ರೆ ಏಳೋ. ನನ್ನ ಕೈ ಸೋಲ್ತಿದೆ."

ಉಜೊಂಡು ಕಲ್ಲಿಗೆ ಕೈಯೂರಿ ಎದ್ದ. ಎಜಿಕೆಯ ಹೆಂಡತಿಯ ಊರು ಇಲ್ಲಿಂದ ಎರಡು ದಿನದ ದಾರಿ. ಸಿಪಾಯಿಗಳನ್ನು ಗೋಡೆಗೆ ನಿಲ್ಲಿಸುವ ಕ್ಯಾಂಪು ಅರ್ಧ ದಿನದ್ದು. ಮೊದಲು ಆ ಊರಿಗೆ ಹೋಗಬೇಕು.

ಹೊಳೆಗೆ ಬೆನ್ನು ಹಾಕಿ ನಡೆದ. ಓಡಲಿಲ್ಲ, ಓಡುವ ಶಕ್ತಿಯೂ ಇರಲಿಲ್ಲ. ಮೊದಲ ಮರಗಳನ್ನು ಮುಟ್ಟುವಾಗ ಹಿಂದೆ ನೀರು ಸುರಿಯುವ ಸದ್ದು ಕೇಳಿಸಿತು. ಒಚೆಫು ಡಬ್ಬ ಎತ್ತಿದ್ದ.